ತಾಳಯಂತ್ರವೂ ಆಡುಮಾತೂ: ‘ಪ್ರೇಮಲೋಕ’ದ ಕ್ಯಾಸೆಟ್ಟು ಮತ್ತು ನಮ್ಮ ಗಡಿನಾಡು



ದತ್ತಿ ಉಪನ್ಯಾಸವೆಂದರೆ ವಚನದ ಮೇಲೋ, ದಾಸರ ಪದಗಳ ಮೇಲೋ, ಗಡಿನಾಡಿನ ಶಾಸನಗಳ ಮೇಲೋ ಮಾತು ಇರುತ್ತದೆ. ನಾನು ಆರಿಸಿಕೊಂಡಿರುವುದು 1987ರ ಒಂದು ಕ್ಯಾಸೆಟ್ಟನ್ನು. ವಿ. ರವಿಚಂದ್ರನ್ ನಿರ್ದೇಶಿಸಿದ, ಹಂಸಲೇಖ ಹಾಡು ಬರೆದು ರಾಗ ಹಾಕಿದ ‘ಪ್ರೇಮಲೋಕ’. ಅದನ್ನು ಸಿನಿಮಾವೆಂದು ನೋಡಿದವರು ಎಷ್ಟೋ ಮಂದಿ. ಇವತ್ತು ನಾನು ಅದನ್ನು ಕಿವಿಯಲ್ಲಿ ಕೇಳುವ ಒಂದು ಕೃತಿಯೆಂದು, ಒಂದು ಆಲ್ಬಂ ಎಂದು, ತೆಗೆದುಕೊಳ್ಳುತ್ತೇನೆ. ನಮ್ಮ ಹೊಸೂರು ಕಡೆಯ ಹಳ್ಳಿಗಳಿಗೆ ಅದು ಮೊದಲು ಬಂದದ್ದೂ ಹಾಗೆಯೇ, ಟೇಪ್ ರೆಕಾರ್ಡರಿನ ಮೂಲಕ.

ಈ ಆಯ್ಕೆಗೆ ಕಾರಣವಿದೆ. ಹೊಸೂರು ಸೀಮೆಯಲ್ಲಿ ಕನ್ನಡ ಉಳಿದಿರುವುದು ಮುಖ್ಯವಾಗಿ ಬಾಯಲ್ಲಿ. ಕನ್ನಡ ಶಾಲೆಗಳು ಇದ್ದವು, ಕೆಲವು ಇನ್ನೂ ಇವೆ. ತಮಿಳುನಾಡಿನ 2006ರ ಕಾಯ್ದೆಯ ನಂತರ ಶಾಲೆಗಳಲ್ಲಿ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ಅದಕ್ಕೂ ಮೊದಲೇ ಕಾರ್ಖಾನೆಯ ಕೆಲಸಕ್ಕೆ, ಸರ್ಕಾರಿ ಅರ್ಜಿಗೆ, ಬಸ್ಸಿನ ಬೋರ್ಡಿಗೆ ತಮಿಳೇ ಬೇಕಿತ್ತು. ಸಂತೆಯಲ್ಲಿ ತೆಲುಗು ನಡೆಯುತ್ತದೆ. ಹೀಗಿರುವಾಗ ಕನ್ನಡ ಓದಲು ಬಾರದ, ಆದರೆ ಮನೆಯಲ್ಲಿ ದಿನವಿಡೀ ಕನ್ನಡವನ್ನೇ ಆಡುವ ತಲೆಮಾರು ಇಲ್ಲಿ ಬೆಳೆಯಿತು. ಆ ತಲೆಮಾರಿಗೆ ಕುವೆಂಪು, ಬೇಂದ್ರೆ ಪುಸ್ತಕದಿಂದ ತಲುಪಲಿಲ್ಲ. ತಲುಪಿದ್ದು ಹಾಡು. ಹಾಡಿನಲ್ಲೂ ಅವರು ದಿನ ಆಡುವ ಮಾತನ್ನೇ ಹೊತ್ತು ತಂದದ್ದು ಈ ಕ್ಯಾಸೆಟ್ಟು. ಯಂತ್ರದ ತಾಳವೇ ಆಡುಮಾತಿನ ಕನ್ನಡಕ್ಕೆ ಹಾಡಿನೊಳಗೆ ಜಾಗ ಮಾಡಿಕೊಟ್ಟಿತು ಎಂಬುದು ನನ್ನ ವಾದ. ಅದನ್ನೇ ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಆ ಇಬ್ಬರು. ರವಿಚಂದ್ರನ್ ಅವರ ತಂದೆ ಎನ್. ವೀರಾಸ್ವಾಮಿ ದೊಡ್ಡ ನಿರ್ಮಾಪಕರು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಅವರದೇ ನಿರ್ಮಾಣ. ಅವರ ಸಂಸ್ಥೆಗೆ ಗಡಿಯ ಈಚೆಗೂ ಕಾಲಿತ್ತು. 1985ರಲ್ಲಿ ರಜನೀಕಾಂತ್ ನಟಿಸಿದ ತಮಿಳಿನ ‘ಪಡಿಕ್ಕಾದವನ್’ ಚಿತ್ರವನ್ನೂ ಅವರು ನಿರ್ಮಿಸಿದರು. ರಜನಿಯವರ ಪೂರ್ವಿಕರ ಊರು ನಮ್ಮದೇ ಜಿಲ್ಲೆಯ ನಾಚ್ಚಿಕುಪ್ಪಂ ಎಂಬುದು ಇಲ್ಲಿರುವವರಿಗೆಲ್ಲ ಗೊತ್ತು. ‘ಪ್ರೇಮಲೋಕ’ಕ್ಕೂ ಹಣ ಹೂಡಿದವರು ವೀರಾಸ್ವಾಮಿಯವರೇ. ಅದು ಮಗ ನಿರ್ದೇಶಿಸಿದ ಮೊದಲ ಚಿತ್ರ. ಕನ್ನಡದಲ್ಲಿ ಅಷ್ಟಾಗಿ ಕಾಣದ ಒಂದು ಸಾಹಸಕ್ಕೆ ಆ ಮನೆ ಕೈಹಾಕಿತು. ಕಥೆ ತೆಳುವಾದರೂ ಚಿಂತೆಯಿಲ್ಲ, ಹಾಡುಗಳೇ ಕಥೆಯನ್ನು ಎಳೆದುಕೊಂಡು ಹೋಗಬೇಕು.

ಹಂಸಲೇಖ ಬಂದದ್ದು ಬೇರೆ ದಾರಿಯಿಂದ. ಹುಟ್ಟಿದ್ದು 1951ರಲ್ಲಿ, ಹೆಸರು ಗಂಗರಾಜು. ನಾಟಕ, ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಪಳಗಿದವರು. ಲಾವಣಿ ನೀಲಕಂಠಪ್ಪನವರ ಶಿಷ್ಯರು. ಈ ಶಿಷ್ಯತ್ವವನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ಲಾವಣಿಯೆಂದರೆ ಸವಾಲು-ಜವಾಬು. ಎದುರಿನವನು ಹಾಕಿದ ಪ್ರಶ್ನೆಗೆ ಅದೇ ಮಟ್ಟಿನಲ್ಲಿ, ಅದೇ ಪ್ರಾಸದಲ್ಲಿ, ಸೇರಿದ ಜನಕ್ಕೆ ತಟ್ಟನೆ ಅರ್ಥವಾಗುವ ಮಾತಿನಲ್ಲಿ ಉತ್ತರ ಕೊಡಬೇಕು. ಕೋಶ ತೆಗೆದು ಪದ ಹುಡುಕಲು ಅಲ್ಲಿ ಪುರುಸೊತ್ತಿಲ್ಲ. ‘ಪ್ರೇಮಲೋಕ’ದ ಹುಡುಗ-ಹುಡುಗಿಯರು ಒಬ್ಬರನ್ನೊಬ್ಬರು ಹಾಡಿನಲ್ಲೇ ಕೇಳಿ, ಕೆಣಕಿ, ಉತ್ತರಿಸಿ, ಮುನಿಸಿಕೊಳ್ಳುವಾಗ ನನಗೆ ಕೇಳಿಸುವುದು ಆ ಲಾವಣಿಯ ಪಟ್ಟು. ಮೇಲೆ ಡಿಸ್ಕೋ ಬೆಳಕು, ಒಳಗೆ ಹಳೇ ಮೈಸೂರಿನ ಜಾತ್ರೆಯ ಅಖಾಡ.

ಈ ಚಿತ್ರಕ್ಕೆ ಎರಡು ವರ್ಷ ಮೊದಲು, 1985ರ ‘ನಾನು ನನ್ನ ಹೆಂಡ್ತಿ’ಯಲ್ಲಿ ರವಿಚಂದ್ರನ್ ನಾಯಕ, ಹಂಸಲೇಖ ಗೀತರಚನೆಕಾರ. ಅದರ ಸಂಗೀತ ಶಂಕರ್-ಗಣೇಶ್ ಎಂಬ ತಮಿಳು ಜೋಡಿಯದು. ಆಮೇಲೆ ಬಂದ ‘ಪ್ರೇಮಲೋಕ’ದಲ್ಲಿ ಮಾತೂ ರಾಗವೂ ಒಂದೇ ಕೈಗೆ ಸೇರಿದವು. ಕನ್ನಡ ಚಿತ್ರಗೀತೆಯ ಚರಿತ್ರೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಅಲ್ಲಿಯವರೆಗೆ ಸಾಮಾನ್ಯವಾಗಿ ನಡೆದ ಕ್ರಮ ಹೀಗೆ: ಸಂಗೀತ ನಿರ್ದೇಶಕರು ಮಟ್ಟು ಕೊಡುತ್ತಾರೆ, ಚಿ. ಉದಯಶಂಕರ್ ಅವರೋ ಆರ್.ಎನ್. ಜಯಗೋಪಾಲ್ ಅವರೋ ವಿಜಯನಾರಸಿಂಹ ಅವರೋ ಮಾತು ತುಂಬುತ್ತಾರೆ. ರಾಜನ್-ನಾಗೇಂದ್ರ ಸೋದರರ ಜೋಡಿ 1950ರ ದಶಕದಿಂದ ಈ ಕ್ರಮದಲ್ಲೇ ದುಡಿದು ನಮಗೆ ಅಮೂಲ್ಯವಾದ ಹಾಡುಗಳನ್ನು ಕೊಟ್ಟಿತು. ಅದರಲ್ಲಿ ಮಟ್ಟು ದೊರೆ, ಮಾತು ಅದರ ಸಿರಿಗೆ ತಕ್ಕಂತೆ ನಡೆಯುತ್ತಿತ್ತು. ಒಬ್ಬನೇ ಎರಡನ್ನೂ ಮಾಡುವಾಗ ಯಾವುದು ಮೊದಲು ಹುಟ್ಟಿತೆಂದು ಹೇಳುವುದು ಕಷ್ಟ. ಮಾತಿನ ಏರಿಳಿತವೇ ಮಟ್ಟಾಗಿಬಿಡುತ್ತದೆ.

ಇನ್ನು ಯಂತ್ರದ ಸಂಗತಿ. 1980ರ ದಶಕದ ಮೊದಲ ವರ್ಷಗಳಲ್ಲಿ ಲೋಕದ ಸಂಗೀತದೊಳಗೆ ಒಂದು ಬಿರುಸಾದ ಬದಲಾವಣೆ ನಡೆಯಿತು. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿಆರ್-808 ಎಂಬ ತಾಳಯಂತ್ರವನ್ನು ತಂದಿತು. 1983ರಲ್ಲಿ ಯಮಾಹಾ ಡಿಎಕ್ಸ್7 ಎಂಬ ಕೀಬೋರ್ಡು ಬಂತು. ಅದೇ ವರ್ಷ ‘ಮಿಡಿ’ ಎಂಬ ಒಪ್ಪಂದವೂ ಬಂತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದೇ ತಂತಿಯಲ್ಲಿ ಮಾತಾಡಿಕೊಂಡು, ಒಂದೇ ಲಯದಲ್ಲಿ ನುಡಿಯುವಂತಾಯಿತು. ರೋಲ್ಯಾಂಡಿನ ಇಕುತಾರೋ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಇಬ್ಬರಿಗೂ ಈ ಕೆಲಸಕ್ಕಾಗಿ ಮೂವತ್ತು ವರ್ಷಗಳ ನಂತರ, 2013ರಲ್ಲಿ, ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. ಇಡೀ ವಾದ್ಯವೃಂದ ಬೇಡ, ಒಬ್ಬ ಹಾಡುವವ, ಒಬ್ಬ ಯಂತ್ರ ನಡೆಸುವವ ಸಾಕು ಎಂಬ ಸ್ಥಿತಿ ಹುಟ್ಟಿತು. ಅದರಿಂದಲೇ ಇಂಗ್ಲೆಂಡಿನಲ್ಲಿ ಸಾಲುಸಾಲಾಗಿ ಜೋಡಿಗಳು ಬಂದವು: ಸಾಫ್ಟ್ ಸೆಲ್, ಯಾಜೂ, ಯುರಿಥ್ಮಿಕ್ಸ್, ಪೆಟ್ ಶಾಪ್ ಬಾಯ್ಸ್. ಈ ಬಗೆಯ ಸಂಗೀತವನ್ನು ಸಿಂಥ್‌ಪಾಪ್ ಎಂದು ಕರೆದರು.

ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ಮುಂಬಯಿಯ ಸ್ಟುಡಿಯೋ ವಾದಕ ಚರಣ್‌ಜೀತ್ ಸಿಂಗ್ 1982ರಲ್ಲೇ ರೋಲ್ಯಾಂಡಿನ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಒಂದು ಧ್ವನಿಮುದ್ರಿಕೆ ಮಾಡಿದರು. ಆಗ ಕೇಳಿದವರು ವಿರಳ. 2010ರಲ್ಲಿ ಅದು ಯೂರೋಪಿನಲ್ಲಿ ಮರುಮುದ್ರಣವಾದಾಗ ಲೋಕ ಬೆರಗಾಗಿ ಕೇಳಿತು. ಮದರಾಸಿನಲ್ಲಿ ಇಳಯರಾಜ ಅವರ 1986ರ ‘ಪುನ್ನಗೈ ಮನ್ನನ್’ ಕಂಪ್ಯೂಟರಿನ ನೆರವಿನಿಂದ ಸಂಗೀತ ಕೂಡಿಸಿದ ಮೊದಮೊದಲ ಚಿತ್ರಗಳಲ್ಲೊಂದು. ಮುಂದೆ ಎ.ಆರ್. ರೆಹಮಾನ್ ಆದ ಹುಡುಗ ಅವರ ಬಳಿ ಕೀಬೋರ್ಡು ನುಡಿಸುತ್ತಿದ್ದ. ಇಳಯರಾಜ ಅವರಿಗೂ ಕನ್ನಡಕ್ಕೂ ನಂಟು ಹಳೆಯದು. ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲಿ ದುಡಿದವರು. 1981ರ ‘ಗೀತಾ’ದ ಹಾಡುಗಳನ್ನು ಕನ್ನಡಿಗರು ಇಂದಿಗೂ ಗುನುಗುತ್ತಾರೆ.

ನಮ್ಮ ಊರಿನ ದೃಷ್ಟಿಯಿಂದ ಇಲ್ಲೊಂದು ಮಾತು ಸೇರಿಸಬೇಕು. ಕನ್ನಡ ಚಿತ್ರಗಳ ಹಾಡುಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣವಾದವು. ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹೆದ್ದಾರಿ ಅತ್ತಿಬೆಲೆ ದಾಟಿ, ಜೂಜುವಾಡಿ, ಹೊಸೂರು, ಶೂಳಗಿರಿ, ಕೃಷ್ಣಗಿರಿಯ ಮೇಲೆಯೇ ಹಾಯುತ್ತದೆ. ಕನ್ನಡ ಹಾಡಿನ ಹುಟ್ಟುಮನೆಗೂ ಕೇಳುವ ಮನೆಗೂ ನಡುವಿನ ದಾರಿ ನಮ್ಮದು. 1980ರ ದಶಕದಲ್ಲಿ ಉದ್ಯಮ ಬೆಂಗಳೂರಿಗೆ ನೆಲೆ ಬದಲಿಸುತ್ತಿತ್ತು, ಶಂಕರ್‌ನಾಗ್ ಸೋದರರ ಸಂಕೇತ್ ಸ್ಟುಡಿಯೋ ಬೆಂಗಳೂರಿನಲ್ಲಿ ತಲೆಯೆತ್ತಿತ್ತು. ಆ ಸ್ಥಿತ್ಯಂತರದ ನಡುವೆಯೇ ‘ಪ್ರೇಮಲೋಕ’ ಹುಟ್ಟಿತು.

ಯಂತ್ರ ಬಂದಾಗ ಎಲ್ಲೆಡೆ ಭಯವೂ ಬಂತು. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯಲ್ಲಿ ಸಿಂಥೆಸೈಜರನ್ನೂ ತಾಳಯಂತ್ರವನ್ನೂ ನಿಷೇಧಿಸಬೇಕೆಂಬ ಗೊತ್ತುವಳಿಯೇ ಬಂದಿತ್ತು. ಆ ಭಯದಲ್ಲಿ ಸತ್ಯವಿತ್ತೆಂದು ನಾನು ನಂಬುತ್ತೇನೆ. ಮದರಾಸಿನ ಒಂದು ಧ್ವನಿಮುದ್ರಣಕ್ಕೆ ಪಿಟೀಲು, ಕೊಳಲು, ತಬಲಾ, ಢೋಲಕ್, ವೀಣೆ ಹಿಡಿದು ದೊಡ್ಡ ಗುಂಪೇ ಸೇರುತ್ತಿದ್ದ ಕಾಲ ಅದು. ಅವರ ಹಿಂದೆ ಅವರ ಸಂಸಾರಗಳಿದ್ದವು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆ ಕೆಲಸ ಕರಗಿತು. ಹೊಸ ಧ್ವನಿಯನ್ನು ಮೆಚ್ಚುವಾಗ ಆ ನಷ್ಟವನ್ನು ಮರೆತು ಮಾತಾಡುವುದು ಸರಿಯಲ್ಲ. ‘ಪ್ರೇಮಲೋಕ’ದಲ್ಲಿ ಮಾತ್ರ ಎರಡೂ ಲೋಕಗಳು ಒಟ್ಟಿಗೆ ಇವೆ. ಪಿಟೀಲಿನ ಗುಂಪೂ ಇದೆ, ಕೀಬೋರ್ಡಿನ ಬೇಸೂ ಇದೆ.

1987ರಲ್ಲೇ ಲಂಡನ್ನಿನ ಪೆಟ್ ಶಾಪ್ ಬಾಯ್ಸ್ ಜೋಡಿಯ ಎರಡನೆಯ ಆಲ್ಬಂ ‘ಆಕ್ಚುಯಲಿ’ ಬಂತು. ನೀಲ್ ಟೆನೆಂಟ್ ಸಂಗೀತ ಪತ್ರಿಕೆಯೊಂದರಲ್ಲಿ ಪತ್ರಕರ್ತ, ಕ್ರಿಸ್ ಲೋ ವಾಸ್ತುಶಿಲ್ಪದ ವಿದ್ಯಾರ್ಥಿ. ಇಬ್ಬರೂ 1981ರಲ್ಲಿ ಲಂಡನ್ನಿನ ಕಿಂಗ್ಸ್ ರಸ್ತೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಭೇಟಿಯಾದರು. ಅವರ ಮೊದಲ ಆಲ್ಬಂ ‘ಪ್ಲೀಸ್’ 1986ರದು. ಟೆನೆಂಟ್ ಕಂಠ ದೊಡ್ಡ ಗಾಯಕನದಲ್ಲ. ಪಕ್ಕದಲ್ಲಿ ಕೂತವನ ಹಾಗೆ ಸಣ್ಣ ದನಿಯಲ್ಲಿ ಮಾತಾಡಿದಂತೆ ಹಾಡುತ್ತಾನೆ. ಅವರನ್ನು ಎತ್ತಿ ನಿಲ್ಲಿಸಿದ ಮೊದಲ ಹಾಡಿನಲ್ಲಿ ಅರ್ಧ ಮಾತೇ ಇದೆ. ಕೆಳಗೆ ಯಂತ್ರ ತಪ್ಪದೆ ನಡೆಯುತ್ತಿರುವುದರಿಂದ ಮೇಲೆ ಆತ ನಿರಾಳವಾಗಿ ಮಾತಾಡಬಲ್ಲ. ಹಂಸಲೇಖ ಈ ಜೋಡಿಯ ಹಾಡು ಕೇಳಿದ್ದರೆಂದು ನಾನು ಹೇಳುತ್ತಿಲ್ಲ, ನನ್ನ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಒಂದೇ ಬಗೆಯ ಯಂತ್ರ ಎರಡು ಊರುಗಳಲ್ಲಿ ಒಂದೇ ಬಾಗಿಲನ್ನು ತೆರೆಯಿತು. ಎರಡೂ ಕಡೆ ಆ ಬಾಗಿಲಿನಿಂದ ಒಳಬಂದದ್ದು ಜನ ಮಾತಾಡುವ ರೀತಿ.

ಅದು ಕನ್ನಡದಲ್ಲಿ ಹೇಗಾಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬರಹದ ಕನ್ನಡದಲ್ಲಿ ಪದಗಳು ಸ್ವರದಲ್ಲಿ ಮುಗಿಯುತ್ತವೆ, ನಡುನಡುವೆಯೂ ಸ್ವರಗಳು ಉಳಿಯುತ್ತವೆ. ‘ಹೇಳುತ್ತೇನೆ’ ಎಂಬುದನ್ನು ಮಾತ್ರೆ ಹಾಕಿ ಎಣಿಸಿದರೆ ಏಳು. ಇದೇ ಪದ ಮೈಸೂರು, ಬೆಂಗಳೂರು, ಹೊಸೂರು ಕಡೆಯ ಬಾಯಲ್ಲಿ ‘ಹೇಳ್ತೀನಿ’ ಆದಾಗ ಐದೇ ಮಾತ್ರೆ. ನಡುವಿನ ಉಕಾರ ಬಿದ್ದುಹೋಗಿ ‘ಳ್’ ಮತ್ತು ‘ತ್’ ಎದುರುಬದುರಾಗಿ ತಾಗುತ್ತವೆ. ಆ ತಾಗುವಿಕೆಯೇ ಒಂದು ಪೆಟ್ಟು. ಭಾವಗೀತೆಯ ಗಾಯಕ ಪೆಟ್ಟನ್ನು ಇಷ್ಟಪಡುವುದಿಲ್ಲ. ಅವನಿಗೆ ಎಳೆಯಲು ದೀರ್ಘ ಸ್ವರ ಬೇಕು. ಜೊತೆಗಿರುವ ತಬಲಾದವರು ಗಾಯಕನ ಉಸಿರು ನೋಡಿಕೊಂಡು ಕೂದಲೆಳೆಯಷ್ಟು ತಡೆಯುತ್ತಾರೆ, ಮತ್ತೆ ಕೂಡಿಕೊಳ್ಳುತ್ತಾರೆ. ಯಂತ್ರ ಯಾರಿಗೂ ತಡೆಯುವುದಿಲ್ಲ. ಅದರ ಮೇಲೆ ಉದ್ದ ಸ್ವರ ಎಳೆದರೆ ಹಾಡು ಎರಡಾಗಿ ಕೇಳಿಸುತ್ತದೆ, ಕೆಳಗೊಂದು ಮೇಲೊಂದು. ಒತ್ತಕ್ಷರ ತುಂಬಿದ, ಸ್ವರ ಉದುರಿದ ಆಡುಮಾತನ್ನು ಇಟ್ಟರೆ ಮಾತಿನ ಪೆಟ್ಟೂ ಯಂತ್ರದ ಪೆಟ್ಟೂ ಕೂಡುತ್ತವೆ. ಹಳೆಯ ಹಾಡಿನಲ್ಲಿ ಹಾಸ್ಯನಟನ ಪಾಲಿಗೆ ಮಾತ್ರ ಬರುತ್ತಿದ್ದ ಈ ಮಾತು ನಾಯಕ ನಾಯಕಿಯರ ಪ್ರೇಮಕ್ಕೆ ಬಂದದ್ದು ಹೀಗೆ.

ಹಾಡಿದವರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಕೆ.ಜೆ. ಯೇಸುದಾಸ್, ಎಸ್. ಜಾನಕಿ ಮುಖ್ಯರು. ಮೂವರಲ್ಲಿ ಯಾರ ತಾಯ್ನುಡಿಯೂ ಕನ್ನಡವಲ್ಲ. ಆದರೂ ಜಾನಕಿಯವರ ಕಂಠದಲ್ಲಿ ಬೆಂಗಳೂರಿನ ಕಾಲೇಜು ಹುಡುಗಿಯ ಬಿಂಕ, ಸಿಡುಕು, ಪ್ರಶ್ನೆಯ ಕೊನೆಯಲ್ಲಿ ಸ್ವರ ಮೇಲೇರುವ ರೀತಿ ಎಷ್ಟು ನಿಜವಾಗಿದೆಯೆಂದರೆ, ತೆರೆಯ ಮೇಲಿನ ನಾಯಕಿ ಜೂಹಿ ಚಾವ್ಲಾಗೆ ಕನ್ನಡ ಬರುವುದಿಲ್ಲವೆಂಬುದು ನೆನಪಿಗೇ ಬರುವುದಿಲ್ಲ. ಜೂಹಿ 1984ರ ಮಿಸ್ ಇಂಡಿಯಾ. ಅವರಿಗೆ ದೇಶದ ತುಂಬ ಹೆಸರು ತಂದ ಹಿಂದಿ ಚಿತ್ರ ಬಂದದ್ದು ಇದರ ಮರುವರ್ಷ.

ಚಿತ್ರದ ಕಥೆಗೆ ಪ್ರೇರಣೆ ಹಾಲಿವುಡ್ಡಿನ 1982ರ ‘ಗ್ರೀಸ್ 2’. ಮುಖ ಮುಚ್ಚಿಕೊಂಡ ಬೈಕ್ ಸವಾರನನ್ನು ಮೆಚ್ಚುವ ಹುಡುಗಿ, ಆ ಸವಾರ ತನ್ನ ಕಾಲೇಜಿನ ಸಾಧು ಹುಡುಗನೇ ಎಂದು ತಿಳಿಯದ ಆಟ. ಅಮೆರಿಕದಲ್ಲಿ ಸೋತ ಚಿತ್ರವದು. ವಿಷ್ಣುವರ್ಧನ್, ಅಂಬರೀಷ್, ಶ್ರೀನಾಥ್, ಲೋಕೇಶ್, ಲೀಲಾವತಿ ಮುಂತಾದ ದೊಡ್ಡವರು ಚಿಕ್ಕ ಚಿಕ್ಕ ಪಾತ್ರಗಳಲ್ಲಿ ಬಂದು ಹೋದದ್ದರಿಂದ ಕನ್ನಡದ ಮನೆಗಳಿಗೆ ಅದು ಪರಕೀಯವೆನಿಸಲಿಲ್ಲ. ಕಥೆಯ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ನಮಗೆ, ಈ ಸಭೆಗೆ, ತುಂಬ ಹತ್ತಿರದ ಸಂಗತಿ ಮುಂದಿನದು. ‘ಪ್ರೇಮಲೋಕ’ ಅದೇ ವರ್ಷ ತಮಿಳಿನಲ್ಲಿಯೂ ‘ಪರುವ ರಾಗಂ’ ಎಂಬ ಹೆಸರಿನಲ್ಲಿ ಬಂತು. ಅದೇ ನಿರ್ದೇಶಕ, ಅದೇ ನಾಯಕ ನಾಯಕಿ, ಅದೇ ಸಂಗೀತ. ಹೊಸೂರಿನವರಿಗೆ ಒಂದೇ ಮಟ್ಟನ್ನು ಎರಡು ಭಾಷೆಗಳಲ್ಲಿ ಕೇಳುವ ಅವಕಾಶ ಸಿಕ್ಕಿತು. ಎರಡನ್ನೂ ಸಲೀಸಾಗಿ ತಿಳಿಯುವ ಊರು ನಮ್ಮದು. ಹಾಗಾಗಿ ಬೆಂಗಳೂರಿನ ವಿಮರ್ಶಕರಾಗಲಿ ಚೆನ್ನೈನ ವಿಮರ್ಶಕರಾಗಲಿ ಸುಲಭವಾಗಿ ಮಾಡಲಾಗದ ಹೋಲಿಕೆಯನ್ನು ನಮ್ಮ ಕಿವಿಗಳು ತಾವಾಗಿಯೇ ಮಾಡಿಕೊಂಡವು. ಎರಡನ್ನೂ ಒಂದರ ಮೇಲೊಂದು ಕೇಳಿದಾಗ ನನಗೆ ಅನಿಸುವುದಿದು. ತಮಿಳಿನಲ್ಲಿ ಪದಗಳು ಎಷ್ಟೋ ಸಲ ವ್ಯಂಜನದಲ್ಲೇ ಮುಗಿಯುತ್ತವೆ. ‘ನಾನ್’, ‘ಅವಳ್’, ‘ಕಣ್’ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಮಟ್ಟು ಒಂದೊಂದು ಕಡೆ ಇನ್ನೂ ಒಂದು ಅಕ್ಷರಕ್ಕೆ ಕಾಯುತ್ತಿರುವಾಗ ಮಾತು ಮುಗಿದುಹೋಗಿರುತ್ತದೆ, ಅಲ್ಲೊಂದು ತುಂಬುಪದ ಬೇಕಾಗುತ್ತದೆ. ಕನ್ನಡದಲ್ಲಿ ಕೊನೆಯ ‘ನಿ’, ‘ಳು’, ‘ಯಾ’ ಆ ಸಂದಿಗೆ ಹೇಳಿ ಮಾಡಿಸಿದಂತೆ ಕೂರುತ್ತವೆ. ಮಟ್ಟು ಹುಟ್ಟಿದ್ದೇ ಕನ್ನಡದ ಬಾಯಿಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಡ. ತಮಿಳಿನವರ ನೆನಪಿನಲ್ಲಿ ‘ಪರುವ ರಾಗಂ’ಗೆ ‘ಪ್ರೇಮಲೋಕ’ದ ಸ್ಥಾನ ಸಿಗಲಿಲ್ಲ. ಇಳಯರಾಜ ಅವರು ಆಳುತ್ತಿದ್ದ ಕಾಲ ಅದು ಎಂಬುದು ಒಂದು ಕಾರಣವಾದರೆ, ಮಟ್ಟಿನ ಈ ಹುಟ್ಟುಗುಣ ಇನ್ನೊಂದು.

ಆ ವರ್ಷದ ಹೊಸೂರನ್ನು ಸ್ವಲ್ಪ ನೆನಪಿಸಿಕೊಳ್ಳಿ. ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದು ದಶಕ ದಾಟಿತ್ತು. 1980ರಿಂದ ಇಲ್ಲಿ ಟಿವಿಎಸ್ ಮೊಪೆಡ್ಡುಗಳು ಹೊರಬರುತ್ತಿದ್ದವು. 1984ರಿಂದ ಜಪಾನಿನ ಸುಜುಕಿ ಕಂಪನಿಯ ಸಹಯೋಗದಲ್ಲಿ 100 ಸಿಸಿಯ ಇಂಡ್-ಸುಜುಕಿ ಬೈಕುಗಳೂ ಬಂದವು. ಮುಖ ಮುಚ್ಚಿಕೊಂಡ ಬೈಕ್ ಸವಾರನ ಕಥೆಯನ್ನು ಬೈಕ್ ತಯಾರಿಸುವ ಊರಿನ ಹುಡುಗರು ನೋಡಿದರು. ಇದೇ 1987ರಲ್ಲಿ ಹೊಸೂರಿನ ಕಾರ್ಖಾನೆಯ ಟೈಟನ್ ಗಡಿಯಾರಗಳು ಮಾರುಕಟ್ಟೆಗೆ ಬಂದವು. ಸುತ್ತಲ ಹಳ್ಳಿಗಳ ಹದಿಹರೆಯದವರಿಗೆ ತರಬೇತಿ ಕೊಟ್ಟು ಅಲ್ಲಿ ಕೆಲಸಕ್ಕೆ ಸೇರಿಸಿಕೊಂಡಿದ್ದರು. ಕ್ವಾರ್ಟ್ಜ್ ಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಆ ಕಂಪನವನ್ನು ಎಣಿಸಿ ಸಮಯ ಅಳೆಯುತ್ತಾರೆ. ಡಿಜಿಟಲ್ ತಾಳಯಂತ್ರಗಳು ತಪ್ಪದೆ ನಡೆಯುವುದೂ ಅಂಥದೇ ಹರಳಿನ ಕಂಪನದ ಬಲದಿಂದ. ಹಗಲು ಆ ಹರಳನ್ನು ಕೂಡಿಸಿ ಸಂಜೆ ಅದರ ತಾಳಕ್ಕೆ ಕಾಲು ಕುಣಿಸಿದ ತರುಣ ತರುಣಿಯರು ಈ ಊರಲ್ಲಿದ್ದರು. ಟೈಟನ್ ತನ್ನ ಜಾಹೀರಾತಿಗೆ ಆರಿಸಿಕೊಂಡದ್ದು ಮಾತ್ರ ಮೊಜಾರ್ಟನ 25ನೆಯ ಸಿಂಫನಿಯನ್ನು.

ಕ್ಯಾಸೆಟ್ಟು ತಂದದ್ದು ಬೆಂಗಳೂರಿನ ಲಹರಿ. ಆ ಸಂಸ್ಥೆಯ ಬೆಳವಣಿಗೆಗೆ ‘ಪ್ರೇಮಲೋಕ’ ದೊಡ್ಡ ತಿರುವು ಎಂಬುದು ಉದ್ಯಮದವರೆಲ್ಲ ಒಪ್ಪುವ ಮಾತು. ಆದರೆ ನಮ್ಮ ಹಳ್ಳಿಗಳಿಗೆ ಬಂದವೆಲ್ಲ ಅಸಲಿ ಕ್ಯಾಸೆಟ್ಟುಗಳಾಗಿರಲಿಲ್ಲ. ಅಂಗಡಿಗೆ ಖಾಲಿ ಕ್ಯಾಸೆಟ್ಟು ಕೊಟ್ಟು, ಒಂದು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟು, ಎರಡು ದಿನ ಬಿಟ್ಟು ಹೋಗಿ ತರುವ ಪದ್ಧತಿ ಇತ್ತು. ಆ ಪಟ್ಟಿಗಳಲ್ಲಿ ಒಂದು ಮಗ್ಗುಲಿಗೆ ಇಳಯರಾಜ, ಇನ್ನೊಂದು ಮಗ್ಗುಲಿಗೆ ಹಂಸಲೇಖ. ದೇಂಕನಿಕೋಟೆಯ ಸಂತೆಯಲ್ಲಿ ಹಾಡಿನ ಪುಸ್ತಕವೂ ಸಿಗುತ್ತಿತ್ತು. ನನ್ನ ಚಿಕ್ಕಮ್ಮನ ಮಗಳು ಓದಿದ್ದು ತಮಿಳು ಶಾಲೆಯಲ್ಲಿ. ಅವಳು ಕನ್ನಡ ಅಕ್ಷರ ಗುರುತಿಸಲು ಕಲಿತದ್ದು ಅಂಥ ಒಂದು ಪುಸ್ತಕವನ್ನು ಟೇಪ್ ರೆಕಾರ್ಡರಿನ ಪಕ್ಕ ಇಟ್ಟುಕೊಂಡು. ಹಾಡು ಬಾಯಿಗೆ ಬರುತ್ತಿತ್ತು, ಬೆರಳು ಸಾಲಿನ ಮೇಲೆ ಸಾಗುತ್ತಿತ್ತು, ಯಾವ ಗುರುತಿಗೆ ಯಾವ ಸದ್ದು ಎಂಬುದು ತಾನಾಗಿ ಹೊಂದಿಕೊಂಡಿತು. ಹಾಡಿನ ಮಾತು ಅವಳು ಮನೆಯಲ್ಲಿ ಆಡುವ ಮಾತೇ ಆಗಿದ್ದರಿಂದ ಇದು ಸಾಧ್ಯವಾಯಿತು. ಸಂಸ್ಕೃತ ತುಂಬಿದ ಹಾಡಾಗಿದ್ದರೆ ಬೆರಳು ಮೊದಲ ಸಾಲಲ್ಲೇ ನಿಲ್ಲುತ್ತಿತ್ತು. ನನ್ನ ವಾದದ ಬೇರು ಇರುವುದು ಆ ಬೆರಳಿನಲ್ಲಿ.

ವಿರೋಧವೂ ಇತ್ತು. ನಮ್ಮ ಹಿರಿಯರು, ಮುಖ್ಯವಾಗಿ ಕನ್ನಡ ಮೇಷ್ಟರುಗಳು, ಇದನ್ನು ಸಾಹಿತ್ಯವೆಂದು ಒಪ್ಪಲಿಲ್ಲ. ಗಡಿಯಲ್ಲಿ ಕನ್ನಡವನ್ನು ಅಚ್ಚುಕಟ್ಟಾಗಿ ಕಾಪಾಡಬೇಕೆಂದು ಹೆಣಗುತ್ತಿದ್ದವರಿಗೆ, ರಸ್ತೆಯ ಮಾತು, ಇಂಗ್ಲಿಷಿನ ಬೆರಕೆ, ಪ್ರಾಸಕ್ಕಾಗಿ ಪ್ರಾಸ ಇವೆಲ್ಲ ಕನ್ನಡದ ಬುಡಕ್ಕೇ ಪೆಟ್ಟು ಎನಿಸಿತು. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. 1978ರ ‘ನಿತ್ಯೋತ್ಸವ’ದ ಕ್ಯಾಸೆಟ್ಟು ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಮನೆಮನೆಗೆ ತಂದಿತ್ತು. ಅವರು ಬಯಸಿದ ಕನ್ನಡ ಅದು. ಅದೂ ಬೇಕಿತ್ತು. ಆದರೆ ಅದನ್ನು ಸವಿಯಲು ಓದು ಬೇಕು, ಓದಿಗೆ ಶಾಲೆ ಬೇಕು. ಶಾಲೆ ಕೈತಪ್ಪಿದ ಕಡೆ ಆಡುಮಾತಿನ ಹಾಡು ಭಾಷೆಯನ್ನು ಉಳಿಸಿತು ಎಂದು ಈಗ ಹಿಂತಿರುಗಿ ನೋಡಿದಾಗ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಈ ಹಾಡುಗಳಲ್ಲಿ ಕೆಲವು ಹುಡುಗಿಯನ್ನು ಗುಂಪು ಕಟ್ಟಿಕೊಂಡು ಚುಡಾಯಿಸುತ್ತವೆ. ಕಾಲೇಜಿನ ಹುಡುಗರು ದಾರಿಯಲ್ಲಿ ನಿಂತು ಅವನ್ನು ಹಾಡುತ್ತಿದ್ದುದನ್ನು, ಬಸ್ ನಿಲ್ದಾಣದಲ್ಲಿ ಹುಡುಗಿಯರು ತಲೆ ತಗ್ಗಿಸಿ ನಡೆದದ್ದನ್ನು ನಮ್ಮ ಪೀಳಿಗೆಯ ಹೆಣ್ಣುಮಕ್ಕಳು ಮರೆತಿಲ್ಲ. ತಾಳ ಎಷ್ಟೇ ಚೆಂದವಿರಲಿ, ಆ ಹಾಡುಗಳನ್ನು ಇವತ್ತು ನಾನು ನನ್ನ ಮಗಳ ಮುಂದೆ ಹಾಕುವುದಿಲ್ಲ. ಅದೇ ಆಲ್ಬಂನಲ್ಲಿ ಹುಡುಗಿಗೂ ಸಮಸಮವಾಗಿ ಸಾಲುಗಳು ಸಿಕ್ಕಿರುವ, ಅವಳು ತಿರುಗಿ ಕೇಳಿ ಹುಡುಗನ ಬಾಯಿ ಕಟ್ಟಿಸುವ ಹಾಡುಗಳೂ ಇವೆ. ನನ್ನ ಮಟ್ಟಿಗೆ ಈ ಆಲ್ಬಂನ ಶ್ರೇಷ್ಠ ಭಾಗ ಅವೇ. ಲಾವಣಿಯ ನ್ಯಾಯದಲ್ಲಿ ಎದುರಾಳಿಗೆ ಉತ್ತರದ ಹಕ್ಕು ಇರಲೇಬೇಕು. ಆ ನ್ಯಾಯವನ್ನು ಪಾಲಿಸಿದ ಕಡೆ ಹಾಡು ಗೆದ್ದಿದೆ.

ಈ ಹಾಡುಗಳು ಆಸರೆಯಾದ ಕಾಲವೂ ಒಂದಿತ್ತು. 1991ರ ಡಿಸೆಂಬರಿನಲ್ಲಿ ಕಾವೇರಿ ನೀರಿನ ಮಧ್ಯಂತರ ಆದೇಶದ ನಂತರ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸೆ ನಡೆಯಿತು. ಗಡಿಯ ಈಚೆಯ ಕನ್ನಡಿಗರೂ ಅಂಜಿಕೆಯಲ್ಲಿ ಕಾಲ ಕಳೆದರು. ಜೋರಾಗಿ ಕನ್ನಡ ಹಾಡು ಹಾಕಲು ಯೋಚಿಸಬೇಕಾಗಿ ಬಂದ ದಿನಗಳವು. ಅಂಥ ದಿನಗಳಲ್ಲಿ ಎರಡೂ ಭಾಷೆಗಳಲ್ಲಿ ಮಟ್ಟು ಒಂದೇ ಆಗಿರುವ ಹಾಡುಗಳು ಎಷ್ಟು ದೊಡ್ಡ ಆಸರೆ ಎಂಬುದು ಇಲ್ಲಿ ಬದುಕಿದವರಿಗೇ ತಿಳಿಯುತ್ತದೆ.

ರವಿಚಂದ್ರನ್-ಹಂಸಲೇಖ ಜೋಡಿ ಮುಂದೆ ‘ರಣಧೀರ’, ‘ರಾಮಾಚಾರಿ’, ‘ಹಳ್ಳಿ ಮೇಷ್ಟ್ರು’ ಎಂದು ಒಂದು ದಶಕ ನಡೆಯಿತು. ನಂತರ ದಾರಿಗಳು ಬೇರೆಯಾದವು, ರವಿಚಂದ್ರನ್ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ನೀಡತೊಡಗಿದರು. ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ, ಶಾಸ್ತ್ರೀಯ ಸಂಗೀತದ ಆಳ ಬೇಡುವ ಚಿತ್ರಕ್ಕೆ. ಪ್ರಶಸ್ತಿ ಯೋಗ್ಯವಾದದ್ದು. ಆದರೆ ಕನ್ನಡದ ಬಾಯಿಗೆ ಅವರು ಮಾಡಿದ ದೊಡ್ಡ ಉಪಕಾರ ಅದಕ್ಕೆ ಮೊದಲೇ ಆಗಿತ್ತು.

ಕೊನೆಯದಾಗಿ ಈ ದತ್ತಿಯ ಹಿರಿಯರಲ್ಲಿ ಒಂದು ಕೋರಿಕೆ. ನಮ್ಮ ತಾಲ್ಲೂಕುಗಳಲ್ಲಿ ಮದುವೆ, ಗಣೇಶೋತ್ಸವ, ಹೊಸೂರಿನ ಚಂದ್ರಚೂಡೇಶ್ವರನ ತೇರು ಎಂದು ರಾತ್ರಿಯಿಡೀ ‘ಪ್ರೇಮಲೋಕ’ವನ್ನೂ ‘ಪರುವ ರಾಗಂ’ಅನ್ನೂ ಒಂದೇ ವೇದಿಕೆಯಲ್ಲಿ ನುಡಿಸಿದ ಆರ್ಕೆಸ್ಟ್ರಾದವರು ಈಗ ವಯಸ್ಸಾದವರು. ಕೀಬೋರ್ಡು ಬಾಡಿಗೆಗೆ ತಂದು, ರಿದಂ ಪ್ಯಾಡು ಇಲ್ಲದಾಗ ತಮಟೆಯಲ್ಲೇ ಆ ತಾಳ ಹಿಡಿದು, ಕೇಳುವವರ ಮುಖ ನೋಡಿ ಚರಣದ ನಡುವೆ ಭಾಷೆ ಬದಲಿಸಿದ ಜಾಣರು ಅವರು. ಅವರ ಮಾತನ್ನು ಯಾರೂ ಧ್ವನಿಮುದ್ರಿಸಿಲ್ಲ. ಕೈಯಲ್ಲಿ ಬರೆದ ಪಟ್ಟಿಗಳಿರುವ ಕ್ಯಾಸೆಟ್ಟುಗಳು, ಹಾಡಿನ ಪುಸ್ತಕಗಳು, ಕಾರ್ಯಕ್ರಮದ ಕರಪತ್ರಗಳು ಇನ್ನೂ ಅಟ್ಟಗಳಲ್ಲಿವೆ. ಮುಂದಿನ ವರ್ಷದ ದತ್ತಿಯ ಹಣದಲ್ಲಿ ಒಂದು ಪಾಲನ್ನು ಅವರ ಮಾತನ್ನು ಧ್ವನಿಮುದ್ರಿಸಿ, ಇವನ್ನೆಲ್ಲ ಕೂಡಿಡುವ ಕೆಲಸಕ್ಕೆ ತೆಗೆದಿಡಬೇಕೆಂದು ಕೇಳಿಕೊಳ್ಳುತ್ತೇನೆ. ತಳಿಯಿಂದ, ಅಂಚೆಟ್ಟಿಯಿಂದ ಶುರುಮಾಡೋಣ. ಮನೆಮನೆಗೆ ಹೋಗಲು ನನ್ನ ವಿದ್ಯಾರ್ಥಿಗಳು ಸಿದ್ಧರಿದ್ದಾರೆ, ಅವರ ಜೊತೆ ನಾನೂ ಹೋಗುತ್ತೇನೆ.